ಡ್ಯಾನ್ಯೂಬ್ ಕಣಿವೆಯಲ್ಲಿ ಸೈಕಲ್: ಪಾಸಾವ್‌ನಿಂದ ವಿಯೆನ್ನಾವರೆಗೆ ಯಾವ ದಂಡೆ, ಎಲ್ಲಿ ದೋಣಿ?

ಮ್ಯೂನಿಕ್ ಮತ್ತು ಅದರ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಂದಲೂ, ಬೇಸಿಗೆಯಲ್ಲಿ ಅವರ ಮನೆಗೆ ಬಂದುಹೋಗುವ ಬಂಧುಗಳಿಂದಲೂ ಪದೇ ಪದೇ ಬರುವ ಪ್ರಶ್ನೆ ಇದು: ಕಾರು-ಲಾರಿಗಳ ಕಾಟವಿಲ್ಲದೆ, ಏರು ಹತ್ತಿ ಸುಸ್ತಾಗದೆ, ನದಿಯ ಪಕ್ಕದಲ್ಲೇ ನಾಲ್ಕಾರು ದಿನ ಸೈಕಲ್ ತುಳಿಯಬೇಕೆಂದರೆ ಎಲ್ಲಿಗೆ ಹೋಗಬೇಕು? ಹಲವು ಉತ್ತರಗಳಿವೆ, ಮೊದಲ ಸಲ ಹೋಗುವವರಿಗೆ ನಾನು ಸೂಚಿಸುವುದು ಮಾತ್ರ ಜರ್ಮನಿಯ ಪಾಸಾವ್‌ನಿಂದ ಆಸ್ಟ್ರಿಯದ ವಿಯೆನ್ನಾವರೆಗಿನ ಡ್ಯಾನ್ಯೂಬ್ ಹಾದಿಯನ್ನು. ಸುಮಾರು 320 ಕಿ.ಮೀ. ಉದ್ದದ ಈ ಹಾದಿ, ಫ್ರಾನ್ಸಿನ ಅಟ್ಲಾಂಟಿಕ್ ಕರಾವಳಿಯಿಂದ ಕಪ್ಪು ಸಮುದ್ರದವರೆಗೆ ಹೋಗುವ ‘ಯೂರೋವೆಲೊ 6’ ಎಂಬ ದೂರಮಾರ್ಗದ ಒಂದು ತುಂಡು.

ಆದರೆ ಈ ಹಾದಿಯನ್ನು ಕುರಿತು ಎಲ್ಲರೂ ಹೇಳುವ ‘ವಾಹನಮುಕ್ತ’ ಎಂಬ ಮಾತನ್ನು ಹಾಗೆಯೇ ನಂಬಿ ಹೊರಡಬೇಡಿ. ನದಿಯ ಎರಡೂ ಬದಿಗೆ ಸೈಕಲ್ ಹಾದಿಯಿದೆ. ಒಂದು ಭಾಗದಲ್ಲಿ ಎಡದಂಡೆ ನಿಶ್ಶಬ್ದವಾಗಿದ್ದರೆ ಬಲದಂಡೆಯಲ್ಲಿ ಹೆದ್ದಾರಿಯ ಸದ್ದಿರುತ್ತದೆ, ಇಪ್ಪತ್ತು ಕಿ.ಮೀ. ಕಳೆಯುವಷ್ಟರಲ್ಲಿ ಅದು ತಿರುಗುಮುರುಗಾಗುತ್ತದೆ. ಸರಿಯಾದ ಜಾಗದಲ್ಲಿ ದಂಡೆ ಬದಲಾಯಿಸಿದವರಿಗೆ ಹಾದಿ ವಾಹನಮುಕ್ತ, ಬದಲಾಯಿಸದವರಿಗೆ ಅಲ್ಲ. ಈ ಲೇಖನದ ಬಹುಪಾಲು ಅದನ್ನೇ ಕುರಿತದ್ದು. ನಮ್ಮ ಕಾಲುವೆಗಳ ಹೆಸರಿನಲ್ಲಿರುವಂತೆಯೇ ಇಲ್ಲಿಯೂ ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತಾಗ ಎಡಗೈ ಕಡೆಯದು ಎಡದಂಡೆ. ನಕಾಶೆಯಲ್ಲಿ ಅದು ಬಹುಮಟ್ಟಿಗೆ ಉತ್ತರ ದಡ.

ಹಾದಿ ಇಷ್ಟು ಸಮತಟ್ಟಾಗಿರುವುದೇಕೆ

ಪಾಸಾವ್ ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಎತ್ತರದಲ್ಲಿದೆ, ವಿಯೆನ್ನಾದಲ್ಲಿ ನದಿಯ ಮಟ್ಟ ಸುಮಾರು 160 ಮೀಟರ್. ಅಂದರೆ ಮುನ್ನೂರಕ್ಕೂ ಹೆಚ್ಚು ಕಿ.ಮೀ. ದೂರದಲ್ಲಿ ಇಳಿಯುವುದು ನೂರೈವತ್ತು ಮೀಟರ್ ಕೂಡ ಇಲ್ಲ. ಉಗಿಹಡಗುಗಳು ಬರುವ ಮೊದಲು ಸರಕಿನ ದೋಣಿಗಳನ್ನು ಪ್ರವಾಹಕ್ಕೆ ಎದುರಾಗಿ ಎಳೆಯುತ್ತಿದ್ದುದು ದಡದ ಮೇಲೆ ನಡೆಯುವ ಕುದುರೆಗಳ ಸಾಲು. ಆ ಕುದುರೆಗಳು ನಡೆದ ದಾರಿಗೆ ‘ಟ್ರೆಪ್ಪೆಲ್‌ವೆಗ್’ ಎಂದು ಹೆಸರು. ಇಂದಿನ ಸೈಕಲ್ ಹಾದಿ ಬಹಳ ಕಡೆ ಅದರ ಮೇಲೆಯೇ ಇದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನದಿಗೆ ಅಡ್ಡಲಾಗಿ ಜಲವಿದ್ಯುತ್ ಕೇಂದ್ರಗಳು ಬಂದಾಗ ಅವುಗಳ ಏರಿಗಳ ಮೇಲೂ ಡಾಂಬರು ದಾರಿಗಳಾದವು. ಈ ವಿದ್ಯುತ್ ಕೇಂದ್ರಗಳು ನಿಮಗೆ ಸೇತುವೆಗಳೂ ಹೌದು. ಯೋಹೆನ್‌ಸ್ಟೈನ್, ಓಟ್ಟೆನ್ಸ್‌ಹೈಮ್, ಇಬ್ಸ್-ಪೆರ್ಸೆನ್‌ಬಾಯ್ಗ್, ಮೆಲ್ಕ್ ಮುಂತಾದ ಕಡೆ ಅಣೆಕಟ್ಟೆಯ ಮೇಲೆಯೇ ಸೈಕಲ್ ದಾಟಿಸಬಹುದು. ಕೆಲವೆಡೆ ರಾತ್ರಿ ಗೇಟು ಹಾಕುತ್ತಾರೆ, ಆದ್ದರಿಂದ ಕತ್ತಲಾದ ಮೇಲೆ ದಾಟುವ ಲೆಕ್ಕ ಹಾಕಬೇಡಿ.

1. ಕಾಲ ಮತ್ತು ದಿನಗಳನ್ನು ನಿಗದಿಪಡಿಸಿ

ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಸೂಕ್ತ ಕಾಲ. ಅದಕ್ಕೆ ಹವೆಯಷ್ಟೇ ಕಾರಣವಲ್ಲ. ದಂಡೆ ದಾಟಿಸುವ ದೋಣಿಗಳಲ್ಲಿ ಹಲವು ಚಳಿಗಾಲದಲ್ಲಿ ಓಡುವುದೇ ಇಲ್ಲ, ಏಪ್ರಿಲ್ ಮತ್ತು ಅಕ್ಟೋಬರ್‌ಗಳಲ್ಲಿ ವಾರಾಂತ್ಯಕ್ಕೆ ಮಾತ್ರ ಓಡುವವೂ ಇವೆ. ಏಪ್ರಿಕಾಟ್ ಹೂವು ನೋಡಬೇಕೆನ್ನುವವರು ಏಪ್ರಿಲ್ ಮೊದಲ ಭಾಗದಲ್ಲಿಯೂ ಹಣ್ಣು ತಿನ್ನಬೇಕೆನ್ನುವವರು ಜುಲೈ ನಡುವಿನಲ್ಲಿಯೂ ಮೆಲ್ಕ್ ಮತ್ತು ಕ್ರೆಮ್ಸ್ ಊರುಗಳ ನಡುವಿನ ವಾಹೌ ಕಣಿವೆಯಲ್ಲಿರಬೇಕು.

ದಿನಕ್ಕೆ 50-60 ಕಿ.ಮೀ.ಯಂತೆ ಆರು ದಿನ ಇಟ್ಟುಕೊಂಡರೆ ಮಧ್ಯೆ ಊರು ನೋಡುವುದಕ್ಕೂ ಸಮಯ ಸಿಗುತ್ತದೆ. ರೋಡ್ ಬೈಕ್ ಓಡಿಸಿ ರೂಢಿಯಿರುವವರು ಮೂರು ದಿನದಲ್ಲೂ ಮುಗಿಸುತ್ತಾರೆ, ಆದರೆ ಹಾದಿಯಲ್ಲಿ ಮಕ್ಕಳು, ಹಿರಿಯರು, ನಾಯಿಗಳು ಇರುತ್ತಾರಾದ್ದರಿಂದ ವೇಗದ ಆಸೆಯಿರುವವರಿಗೆ ಇದು ತಕ್ಕ ಜಾಗವಲ್ಲ. ಒಂದೇ ದಿನವಿದ್ದರೆ ವಿಯೆನ್ನಾದಿಂದ ರೈಲಿನಲ್ಲಿ ಮೆಲ್ಕ್‌ಗೆ ಹೋಗಿ, ಕ್ರೆಮ್ಸ್‌ವರೆಗೆ ತುಳಿದು, ಅಲ್ಲಿಂದ ರೈಲಿನಲ್ಲೇ ಹಿಂದಿರುಗಿ. ಸುಮಾರು 40 ಕಿ.ಮೀ. ಆಗುತ್ತದೆ, ಮತ್ತು ಇಡೀ ಹಾದಿಯ ಅತ್ಯಂತ ಚೆಲುವಾದ ಭಾಗ ಅದೇ.

ದಿಕ್ಕಿನ ವಿಷಯದಲ್ಲಿ ಚರ್ಚೆಗೆ ಎಡೆಯಿಲ್ಲ: ಪಶ್ಚಿಮದಿಂದ ಪೂರ್ವಕ್ಕೆ, ಪ್ರವಾಹದೊಂದಿಗೆ ಹೋಗಿ. ಇಳಿಜಾರು ಲೆಕ್ಕಕ್ಕೆ ಬರುವಷ್ಟಿಲ್ಲ. ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ ಎಂಬುದೇ ಮುಖ್ಯ. ಕ್ರೆಮ್ಸ್ ದಾಟಿದ ಮೇಲಿನ ಬಯಲಿನಲ್ಲಿ ಎದುರುಗಾಳಿಯಲ್ಲಿ ಮೂವತ್ತು ಕಿ.ಮೀ. ತುಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

2. ಭಾರತದಿಂದ ಬರುವವರು ವೀಸಾ ನೋಡಿಕೊಳ್ಳಿ

ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕಬೇಕಾದ್ದು ವಿಮಾನ ಇಳಿಯುವ ದೇಶಕ್ಕಲ್ಲ, ಹೆಚ್ಚು ದಿನ ತಂಗುವ ದೇಶಕ್ಕೆ. ಮ್ಯೂನಿಕ್‌ನಲ್ಲಿ ಎರಡು ರಾತ್ರಿ ಕಳೆದು ಉಳಿದ ಆರು ರಾತ್ರಿ ಡ್ಯಾನ್ಯೂಬ್ ದಡದಲ್ಲಿ ಇರುವವರು ಆಸ್ಟ್ರಿಯಕ್ಕೆ ಅರ್ಜಿ ಹಾಕಬೇಕು. ಎರಡೂ ಕಡೆ ಸಮನಾಗಿದ್ದರೆ ಮಾತ್ರ ಮೊದಲು ಪ್ರವೇಶಿಸುವ ದೇಶ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣದ ವೈದ್ಯಕೀಯ ವಿಮೆ ಕಡ್ಡಾಯ. ಸೈಕಲ್ ಸವಾರಿಯಲ್ಲಿ ಆಗುವ ಗಾಯಕ್ಕೆ ಅದು ಅನ್ವಯಿಸುತ್ತದೆಯೇ ಎಂಬುದನ್ನು ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ಓದಿಕೊಳ್ಳಿ.

3. ಸೈಕಲ್ ಆರಿಸುವಾಗ ಬ್ರೇಕನ್ನು ಮೊದಲು ನೋಡಿ

ಹಾದಿ ಬಹುತೇಕ ಡಾಂಬರಿನದು. 28 ಮಿ.ಮೀ. ಟಯರಿನ ರೋಡ್ ಬೈಕ್ ಸಾಕು. ಹಳೆಯ ಊರುಗಳ ಒಳಗೆ ಕಲ್ಲುಹಾಸು, ಅಲ್ಲಲ್ಲಿ ಸ್ವಲ್ಪ ಜಲ್ಲಿ ಸಿಗುತ್ತದೆ. ಸಾಮಾನು ಹೊರುವವರಿಗೆ ಟ್ರೆಕಿಂಗ್ ಬೈಕ್ ಅನುಕೂಲ. ಮಡ್‌ಗಾರ್ಡ್, ಕ್ಯಾರಿಯರ್, ಲೈಟು ಎಲ್ಲ ಕೂಡಿಯೇ ಬರುವ ಸೈಕಲ್ ಅದು. ಪಾಸಾವ್‌ನಲ್ಲಿ ಬಾಡಿಗೆಗೆ ಪಡೆದು ವಿಯೆನ್ನಾದಲ್ಲಿ ಹಿಂದಿರುಗಿಸುವ ವ್ಯವಸ್ಥೆಯುಳ್ಳ ಅಂಗಡಿಗಳಿವೆ, ಆದರೆ ಬೇಸಿಗೆಗೆ ಮುಂಗಡ ಕಾಯ್ದಿರಿಸಬೇಕು.

ಇಲ್ಲಿ ನಮ್ಮವರು ಎಡವುವುದು ಬ್ರೇಕಿನ ವಿಷಯದಲ್ಲಿ. ಭಾರತದಲ್ಲಿ ಸಾಮಾನ್ಯವಾಗಿ ಬಲಗೈಯ ಲಿವರ್ ಮುಂದಿನ ಚಕ್ರವನ್ನು ಹಿಡಿಯುತ್ತದೆ; ಜರ್ಮನಿ, ಆಸ್ಟ್ರಿಯಗಳಲ್ಲಿ ಎಡಗೈಯದು ಮುಂದಿನದು. ಬೆಚ್ಚಿಬಿದ್ದು ಎಡಗೈಯನ್ನು ಬಿಗಿಯಾಗಿ ಅಮುಕಿದರೆ ಸೈಕಲ್ ಮಗುಚುತ್ತದೆ. ಇದಲ್ಲದೆ ಬಾಡಿಗೆ ಸೈಕಲ್‌ಗಳಲ್ಲಿ ‘ರ್ಯುಕ್‌ಟ್ರಿಟ್’ ಎಂಬ ಇನ್ನೊಂದು ಬಗೆಯ ಬ್ರೇಕ್ ಸಾಮಾನ್ಯ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರ ನಿಲ್ಲುತ್ತದೆ. ಸಿಗ್ನಲ್ಲಿನಲ್ಲಿ ನಿಂತು ಪೆಡಲನ್ನು ಹಿಂದಕ್ಕೆ ತಿರುಗಿಸಿ ಮೇಲೆತ್ತುವ ಅಭ್ಯಾಸವಿರುವವರಿಗೆ ಇದು ವಿಚಿತ್ರವೆನಿಸುತ್ತದೆ, ಏಕೆಂದರೆ ಪೆಡಲು ಹಿಂದಕ್ಕೆ ತಿರುಗುವುದೇ ಇಲ್ಲ. ಅಂಗಡಿಯ ಮುಂದಿನ ಖಾಲಿ ಜಾಗದಲ್ಲಿ ನಾಲ್ಕು ಸುತ್ತು ಹಾಕಿ ಕೈಕಾಲುಗಳಿಗೆ ರೂಢಿ ಮಾಡಿಸಿಕೊಂಡೇ ಹೊರಡಿ. ಜೊತೆಗೆ, ಸಂಚಾರ ಬಲಬದಿಗೆ ಎಂಬುದನ್ನೂ ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಬೇಕೆಂಬುದನ್ನೂ ಪ್ರತಿ ಬೆಳಿಗ್ಗೆ ನೆನಪಿಸಿಕೊಳ್ಳಿ. ತಪ್ಪುವುದು ದಣಿದ ಸಂಜೆಯಲ್ಲಲ್ಲ, ಹಾದಿ ಖಾಲಿಯಿರುವ ಬೆಳಗಿನ ಹೊತ್ತಿನಲ್ಲಿ.

4. ನಿಯಮಗಳು

ಆಸ್ಟ್ರಿಯದಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ. ಸೈಕಲ್ ಸವಾರರಿಗೂ ಮದ್ಯದ ಮಿತಿಯಿದೆ: ರಕ್ತದಲ್ಲಿ ಸಾವಿರಕ್ಕೆ 0.8 ಭಾಗ. ದ್ರಾಕ್ಷಿತೋಟಗಳ ನಡುವೆ ಹೋಗುವ ಹಾದಿಯಾದ್ದರಿಂದ ಇದನ್ನು ಹೇಳಲೇಬೇಕು. ಸವಾರಿ ಮಾಡುತ್ತ ಮೊಬೈಲನ್ನು ಕೈಯಲ್ಲಿ ಹಿಡಿದು ಮಾತನಾಡಿದರೆ ದಂಡ.

ಫಲಕಗಳಲ್ಲಿ ಒಂದು ಸೂಕ್ಷ್ಮವಿದೆ. ಸೈಕಲ್ ಚಿತ್ರವಿರುವ ದುಂಡನೆಯ ನೀಲಿ ಫಲಕವಿದ್ದರೆ ಸೈಕಲ್ ಹಾದಿಯನ್ನೇ ಬಳಸಬೇಕು. ಚೌಕಾಕಾರದ ನೀಲಿ ಫಲಕವಿದ್ದರೆ ಅದು ನಿಮ್ಮ ಇಷ್ಟ. ದಾರಿ ತೋರಿಸುವುದಕ್ಕೆ ಹಳದಿ ನಕ್ಷತ್ರಗಳ ವರ್ತುಲದ ನಡುವೆ 6 ಎಂದು ಬರೆದ ನೀಲಿ ಗುರುತನ್ನು ಹುಡುಕಿ. ‘ಉಮ್‌ಲೈಟುಂಗ್’ ಎಂದರೆ ಬದಲಿ ದಾರಿ, ‘ಗೆಶ್ಪೆರ್ಟ್’ ಎಂದರೆ ಮುಚ್ಚಿದೆ, ‘ಹೋಖ್‌ವಾಸರ್’ ಎಂದರೆ ನೆರೆ, ‘ಫೇರೆ’ ಎಂದರೆ ದಾಟಿಸುವ ದೋಣಿ. ಇಷ್ಟು ಜರ್ಮನ್ ಪದಗಳು ಗೊತ್ತಿದ್ದರೆ ಹಾದಿಯಲ್ಲಿ ಕಂಗಾಲಾಗುವುದಿಲ್ಲ.

5. ಪಾಸಾವ್ ತಲುಪುವುದು

ಮ್ಯೂನಿಕ್‌ನಿಂದ ಪ್ರಾದೇಶಿಕ ರೈಲಿನಲ್ಲಿ ಸುಮಾರು ಎರಡೂಕಾಲು ಗಂಟೆಯ ದಾರಿ. ಜರ್ಮನಿಯಲ್ಲಿ ನೆಲೆಸಿರುವವರ ಬಳಿ ಸಾಮಾನ್ಯವಾಗಿ ಇರುವ ಡಾಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಪಾಸು ಈ ರೈಲಿಗೆ ನಡೆಯುತ್ತದೆ. ಐವರವರೆಗಿನ ಗುಂಪಿಗೆ ಬವೇರಿಯ ರಾಜ್ಯದೊಳಗೆ ಒಂದು ದಿನ ನಡೆಯುವ ಬಯೆರ್ನ್ ಟಿಕೆಟ್ ಅಗ್ಗವಾಗಬಹುದು, ಆದರೆ ವಾರದ ದಿನಗಳಲ್ಲಿ ಅದು ಬೆಳಿಗ್ಗೆ 9ರ ನಂತರವಷ್ಟೇ ಊರ್ಜಿತ. ಇವೆರಡರಲ್ಲಿ ಯಾವುದರಲ್ಲೂ ಸೈಕಲ್ ಸೇರಿಲ್ಲ. ಅದಕ್ಕೆ ಬೇರೆಯೇ ಟಿಕೆಟ್ ಬೇಕು. ಬೇಸಿಗೆಯ ಶನಿವಾರ ಬೆಳಿಗ್ಗೆ ಸೈಕಲ್ ಬೋಗಿ ತುಂಬಿಹೋಗಿ ಪ್ಲಾಟ್‌ಫಾರ್ಮಿನಲ್ಲೇ ಉಳಿಯಬೇಕಾಗುವುದುಂಟು, ಆದ್ದರಿಂದ ಸಾಧ್ಯವಾದರೆ ವಾರದ ನಡುವೆ ಹೊರಡಿ.

ಪಾಸಾವ್‌ನಲ್ಲಿ ಡ್ಯಾನ್ಯೂಬ್, ಇನ್, ಇಲ್ಸ್ ಎಂಬ ಮೂರು ನದಿಗಳು ಕೂಡುತ್ತವೆ. ಹಳೆಯ ಪುರಭವನದ ಗೋಡೆಯ ಮೇಲೆ ನೆರೆಯ ಮಟ್ಟಗಳನ್ನು ಗುರುತುಹಾಕಿದ್ದಾರೆ. 2013ರ ಜೂನ್‌ನಲ್ಲಿ ನೀರು 12.89 ಮೀಟರ್‌ಗೆ ಏರಿತ್ತು. ನೋಡಿಯೇ ಮುಂದಕ್ಕೆ ಹೋಗಿ. ಮಳೆಯ ವಾರಗಳಲ್ಲಿ ದಡದ ಹಾದಿಗಳನ್ನು ಮುಚ್ಚುವುದು ಏಕೆಂದು ಅರ್ಥವಾಗುತ್ತದೆ.

6. ಪಾಸಾವ್‌ನಿಂದ ಲಿಂಟ್ಸ್: ಎಡದಂಡೆ, ದೋಣಿ, ಬಲದಂಡೆ, ಮತ್ತೆ ಎಡದಂಡೆ

ಎಡದಂಡೆಯಲ್ಲಿ ಹೊರಡಿ. ಒಬೆರ್ನ್‌ಟ್ಸೆಲ್‌ವರೆಗೆ ಹಾದಿ ಪ್ರತ್ಯೇಕವಾಗಿದ್ದರೂ ಪಕ್ಕದಲ್ಲಿ ಹೆದ್ದಾರಿಯಿರುತ್ತದೆ. ಯೋಹೆನ್‌ಸ್ಟೈನ್ ವಿದ್ಯುತ್ ಕೇಂದ್ರ ಕಳೆದದ್ದೇ ಸದ್ದು ಅಡಗಿ, ಒಂದು ಕಡೆ ಕಾಡಿನ ಕಡಿದಾದ ಇಳಿಜಾರು, ಇನ್ನೊಂದು ಕಡೆ ನೀರು ಉಳಿಯುತ್ತವೆ.

ಪಾಸಾವ್‌ನಿಂದ ನಲವತ್ತು ಕಿ.ಮೀ.ಯ ಸುಮಾರಿಗೆ ಶ್ಲೋಗೆನ್ ಎಂಬಲ್ಲಿ ನದಿ ಗಟ್ಟಿಬಂಡೆಯ ಬೆಟ್ಟಕ್ಕೆ ಎದುರಾಗಿ ಬಂದ ದಾರಿಗೇ ಹಿಂದಿರುಗುವಂತೆ ತಿರುವು ಹಾಕುತ್ತದೆ. ಮೊದಲ ದಿನವೇ ಜನ ಗೊಂದಲಕ್ಕೆ ಬೀಳುವ ಜಾಗ ಇದು. ಔ ಎಂಬ ಪುಟ್ಟ ನೆಲೆಯಲ್ಲಿ ಎಡದಂಡೆಯ ಸೈಕಲ್ ಹಾದಿ ಮುಗಿದುಹೋಗುತ್ತದೆ. ಮುಂದೆ ಇರುವುದು ಕಾಲ್ನಡಿಗೆಯ ಕಲ್ಲುದಾರಿ. ಇಲ್ಲಿಂದ ಎರಡು ಬಗೆಯ ದೋಣಿಗಳಿವೆ: ಒಂದು ಎದುರು ದಡದ ಶ್ಲೋಗೆನ್‌ಗೆ ಅಡ್ಡಲಾಗಿ ದಾಟಿಸುತ್ತದೆ, ಇನ್ನೊಂದು ನದಿಯುದ್ದಕ್ಕೂ ಸಾಗಿ ಅದೇ ದಂಡೆಯ ಗ್ರಾಫೆನೌ ಎಂಬಲ್ಲಿ ಇಳಿಸುತ್ತದೆ. ನನ್ನ ಸಲಹೆ ಅಡ್ಡದೋಣಿ, ಏಕೆಂದರೆ ಶ್ಲೋಗೆನ್‌ನಿಂದ ಆಷಾಖ್‌ವರೆಗಿನ ಬಲದಂಡೆ ಬಹುಮಟ್ಟಿಗೆ ಕಾರುಗಳಿಲ್ಲದ ದಾರಿ. ಸಂಜೆ ದೋಣಿ ನಿಂತ ಮೇಲೆ ಔ ತಲುಪಿದವರು ಹಿಂದಕ್ಕೆ ನೀಡರ್‌ರಾನ್ನ ಸೇತುವೆಯವರೆಗೆ ಹೋಗಿ ದಾಟಬೇಕಾಗುತ್ತದೆ. ಹಾಗಾಗಿ ಸೇತುವೆ ಬಂದಾಗಲೇ ಗಡಿಯಾರ ನೋಡಿಕೊಳ್ಳಿ. ದೋಣಿಗೆ ಚಿಲ್ಲರೆ ಯೂರೋ ಇಟ್ಟುಕೊಳ್ಳಿ, ಕಾರ್ಡ್ ಎಲ್ಲ ಕಡೆ ನಡೆಯುವುದಿಲ್ಲ. ಶ್ಲೋಗೆನ್‌ನಲ್ಲಿ ಸೈಕಲ್ ಬೀಗಹಾಕಿ ಅರ್ಧ ಗಂಟೆ ಬೆಟ್ಟ ಹತ್ತಿದರೆ ಇಡೀ ತಿರುವು ಕಾಲಡಿಯಲ್ಲಿ ಕಾಣುತ್ತದೆ. ಕೆಳಗೆ ಹಾದಿಯಲ್ಲಿರುವಾಗ ಅದರ ಆಕಾರ ಗೊತ್ತಾಗುವುದಿಲ್ಲ.

ಆಷಾಖ್ ನಂತರ ಕಣಿವೆ ಅಗಲವಾಗಿ ತರಕಾರಿ ಹೊಲಗಳ ಬಯಲು ಬರುತ್ತದೆ, ಯಾವ ದಂಡೆಯಾದರೂ ಸರಿ. ಓಟ್ಟೆನ್ಸ್‌ಹೈಮ್‌ನ ದೋಣಿಯನ್ನು ಮಾತ್ರ ನಿಂತು ನೋಡಿ. ಅದಕ್ಕೆ ಎಂಜಿನ್ನಿಲ್ಲ. ನದಿಗೆ ಅಡ್ಡಲಾಗಿ ಕಟ್ಟಿದ ಉಕ್ಕಿನ ಹಗ್ಗಕ್ಕೆ ದೋಣಿಯನ್ನು ತೂಗುಹಾಕಿದ್ದಾರೆ; ದೋಣಿಗಾರ ಅದನ್ನು ಪ್ರವಾಹಕ್ಕೆ ಓರೆಯಾಗಿ ತಿರುಗಿಸಿದಾಗ ನೀರಿನ ಒತ್ತಡವೇ ಅದನ್ನು ಆಚೆ ದಡಕ್ಕೆ ತಳ್ಳುತ್ತದೆ. ಬಲದಂಡೆಯಲ್ಲಿ ಬಂದವರು ಈ ದೋಣಿಯಲ್ಲೇ ಎಡದಂಡೆಗೆ ದಾಟಿಕೊಳ್ಳಿ. ಇಲ್ಲಿಂದ ಲಿಂಟ್ಸ್‌ವರೆಗಿನ ಎಡದಂಡೆಯಲ್ಲಿ ಹಾದಿ ಬೇರೆಯಾಗಿದ್ದರೂ ಪಕ್ಕದಲ್ಲಿ ಕಾರುಗಳ ಸಾಲು. ಇಡೀ ಪ್ರಯಾಣದಲ್ಲಿ ಕಿವಿಗೆ ಹಿತವಲ್ಲದ ಒಂದು ತುಂಡು ಇದು, ತಪ್ಪಿಸಿಕೊಳ್ಳಲು ಒಳ್ಳೆಯ ಬೇರೆ ದಾರಿಯಿಲ್ಲ.

7. ಲಿಂಟ್ಸ್‌ನಿಂದ ಮೆಲ್ಕ್: ಗ್ರೈನ್‌ವರೆಗೆ ಎಡದಂಡೆ, ನಂತರ ಬಲದಂಡೆ

ಲಿಂಟ್ಸ್‌ನಿಂದ ಹೊರಡುವಾಗ ಬಲದಂಡೆ ಹಿಡಿದರೆ ಬಂದರು ಮತ್ತು ಉಕ್ಕಿನ ಕಾರ್ಖಾನೆಯ ಪ್ರದೇಶದೊಳಗೆ ಸಿಕ್ಕಿಕೊಳ್ಳುತ್ತೀರಿ. ಎಡದಂಡೆಯ ಏರಿಯ ಮೇಲೆ ಮೌಟ್‌ಹೌಸೆನ್‌ವರೆಗೆ ನಿರಾತಂಕವಾಗಿ ಹೋಗಬಹುದು. ಆ ಊರಿನ ಮೇಲಿನ ಗುಡ್ಡದಲ್ಲಿ 1938ರಿಂದ 1945ರವರೆಗೆ ನಾಜಿಗಳು ನಡೆಸಿದ ಸೆರೆಶಿಬಿರದ ಸ್ಮಾರಕವಿದೆ. ಏರು ಕಡಿದಾಗಿದೆ, ನೋಡುವುದಕ್ಕೆ ಕನಿಷ್ಠ ಎರಡು ಗಂಟೆ ಬೇಕು. ಆ ದಿನದ ದೂರವನ್ನು ಕಡಿಮೆ ಇಟ್ಟುಕೊಳ್ಳಿ. ಅಲ್ಲಿಂದ ಇಳಿದು ಬಂದು ಐವತ್ತು ಕಿ.ಮೀ. ತುಳಿಯುವ ಮನಸ್ಸು ಹೆಚ್ಚಿನವರಿಗೆ ಇರುವುದಿಲ್ಲ.

ಗ್ರೈನ್ ಬಳಿ ಕಣಿವೆ ಮತ್ತೆ ಇಕ್ಕಟ್ಟಾಗುತ್ತದೆ. ಹಿಂದೆ ಸುಳಿಗಳಿಗೆ ದೋಣಿಗಾರರು ಹೆದರುತ್ತಿದ್ದ ಜಾಗ ಇದು. ಬಂಡೆಗಳನ್ನು ಸಿಡಿಸಿದ ಮೇಲೆ, 1959ರಲ್ಲಿ ಪೂರ್ಣಗೊಂಡ ಇಬ್ಸ್-ಪೆರ್ಸೆನ್‌ಬಾಯ್ಗ್ ಅಣೆಕಟ್ಟೆಯಿಂದ ನೀರು ಮೇಲೇರಿದ ಮೇಲೆ, ಸುಳಿಗಳು ಹೋದವು. ಎಡದಂಡೆಯಲ್ಲಿ ಹೆದ್ದಾರಿ ಇಲ್ಲಿ ಬೆಟ್ಟಕ್ಕೂ ನೀರಿಗೂ ನಡುವೆ ಒತ್ತಿಕೊಂಡು ಹೋಗುವುದರಿಂದ ದೋಣಿಯಲ್ಲಿ ಬಲದಂಡೆಯ ವೀಸೆನ್‌ಗೆ ದಾಟಿ; ದೋಣಿಯಿಲ್ಲದ ಹೊತ್ತಾದರೆ ಗ್ರೈನ್‌ಗಿಂತ ಸ್ವಲ್ಪ ಮೊದಲೇ ಸಿಗುವ ಸೇತುವೆಯಲ್ಲಿ ದಾಟಿಕೊಳ್ಳಿ. ಇಬ್ಸ್‌ನಿಂದ ಮೆಲ್ಕ್‌ವರೆಗೆ ಎರಡೂ ದಂಡೆ ಚೆನ್ನಾಗಿವೆ.

8. ಮೆಲ್ಕ್‌ನಿಂದ ಕ್ರೆಮ್ಸ್: ವಾಹೌ

2000ದಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಕಣಿವೆಗೆ ಒಂದು ಪೂರ್ಣ ದಿನ ಕೊಡಿ. ಮೆಲ್ಕ್ ಮತ್ತು ಕ್ರೆಮ್ಸ್ ನಡುವೆ ಒಂದೂ ಸೇತುವೆಯಿಲ್ಲ. ಮೆಲ್ಕ್‌ನಲ್ಲಿ ಆರಿಸಿಕೊಂಡ ದಂಡೆಯನ್ನು ದೋಣಿಯಿಂದ ಮಾತ್ರ ಬದಲಾಯಿಸಬಹುದು ಎಂಬುದನ್ನು ತಿಳಿದೇ ಹೊರಡಿ. ಸ್ಪಿಟ್ಸ್, ವೈಸೆನ್‌ಕಿರ್ಖೆನ್, ಡ್ಯುರ್ನ್‌ಸ್ಟೈನ್ ಮೂರು ಕಡೆ ದೋಣಿಗಳಿವೆ.

ಪ್ರಸಿದ್ಧ ಊರುಗಳೆಲ್ಲ ಎಡದಂಡೆಯಲ್ಲಿವೆ, ಕಾರುಗಳೂ ಅಲ್ಲಿಯೇ. ಆದ್ದರಿಂದ ಮೆಲ್ಕ್‌ನಿಂದ ಬಲದಂಡೆಯಲ್ಲಿ ಹೊರಟು, ಆಗ್‌ಸ್ಟೈನ್ ಕೋಟೆಯ ಕೆಳಗೆ ಹಾದು, ಆರ್ನ್ಸ್‌ಡೋರ್ಫ್‌ನಲ್ಲಿ ಹಗ್ಗದ ದೋಣಿ ಹತ್ತಿ ಸ್ಪಿಟ್ಸ್‌ಗೆ ದಾಟಿ. ಅಲ್ಲಿಂದ ಡ್ಯುರ್ನ್‌ಸ್ಟೈನ್‌ವರೆಗೆ ಹಾದಿ ಹೆಚ್ಚಾಗಿ ದ್ರಾಕ್ಷಿತೋಟಗಳ ಮತ್ತು ಹಳ್ಳಿಯ ಓಣಿಗಳ ನಡುವೆ ಹೋಗುತ್ತದೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳ ಮೆಟ್ಟಿಲುತೋಟಗಳು ಹಾದಿಯ ಅಂಚಿಗೇ ಇಳಿದಿವೆ. ಗೋಡೆಯ ಸಂದಿಯಲ್ಲಿ ಬಿಸಿಲು ಕಾಯುವ ಹಲ್ಲಿಗಳು ಸೈಕಲ್ ಹತ್ತಿರ ಬಂದ ಮೇಲಷ್ಟೇ ಒಳಗೆ ನುಸುಳುತ್ತವೆ. ಮದ್ದು ಹೊಡೆಯುವ ಕಿರಿದಾದ ಟ್ರ್ಯಾಕ್ಟರ್‌ಗಳು ಎದುರಾದರೆ ಇಳಿದು ದಾರಿ ಬಿಡಿ, ಅದು ಅವರ ಕೆಲಸದ ದಾರಿ. ಇಂಗ್ಲೆಂಡಿನ ದೊರೆ ರಿಚರ್ಡ್‌ನನ್ನು 1192-93ರಲ್ಲಿ ಸೆರೆಯಿಟ್ಟಿದ್ದ ಡ್ಯುರ್ನ್‌ಸ್ಟೈನ್‌ನ ಮುಖ್ಯ ಬೀದಿ ಮಧ್ಯಾಹ್ನ ಪ್ರವಾಸಿ ಹಡಗುಗಳ ಜನರಿಂದ ತುಂಬಿರುತ್ತದೆ. ಅಲ್ಲಿ ಸೈಕಲನ್ನು ತಳ್ಳಿಕೊಂಡೇ ಹೋಗಬೇಕು. ಈ ದಾರಿಯಲ್ಲಿ ವಿಲ್ಲೆನ್‌ಡೋರ್ಫ್ ತಪ್ಪಿಹೋಗುತ್ತದೆ. 1908ರಲ್ಲಿ ಅಂಗೈಯಗಲದ ಶಿಲಾಯುಗದ ಸ್ತ್ರೀಮೂರ್ತಿ ದೊರೆತ ಹಳ್ಳಿ ಅದು. ಆಸಕ್ತರು ಸ್ಪಿಟ್ಸ್‌ನಿಂದ ಕೆಲವು ಕಿ.ಮೀ. ಹಿಂದಕ್ಕೆ ಹೋಗಿ ಬರಬಹುದು. ಮೂಲ ಮೂರ್ತಿ ಇರುವುದು ಮಾತ್ರ ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಫ್ರಿಟಾಟೆನ್‌ಸುಪ್ಪೆ ಎಂಬ, ದೋಸೆಯ ಎಳೆಗಳನ್ನು ಹಾಕಿದ ಸಾರು ನೋಡುವುದಕ್ಕೆ ನಿರಪಾಯಕಾರಿ; ಅದರ ನೀರು ಗೋಮಾಂಸ ಬೇಯಿಸಿದ ನೀರು. ತರಕಾರಿ ಸೂಪಿನಲ್ಲೂ ಅದೇ ಇರುವುದುಂಟು, ಕೇಳಿಯೇ ತರಿಸಿ. ನಿಶ್ಚಿಂತೆಯಿಂದ ತಿನ್ನಬಹುದಾದ್ದು ಮರಿಲ್ಲೆನ್‌ಕ್ನೋಡೆಲ್: ಇಡೀ ಏಪ್ರಿಕಾಟನ್ನು ಹಿಟ್ಟಿನಲ್ಲಿ ಮುಚ್ಚಿ ಬೇಯಿಸಿ, ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿಯಲ್ಲಿ ಹೊರಳಿಸಿದ ಅದು ನಮ್ಮ ಕಡುಬಿನ ದೂರದ ನೆಂಟ. ಭಾನುವಾರ ದಿನಸಿ ಅಂಗಡಿಗಳು ಮುಚ್ಚಿರುತ್ತವೆ, ಹಳ್ಳಿಯ ಹೋಟೆಲುಗಳಿಗೆ ವಾರದಲ್ಲಿ ‘ರೂಹೆಟಾಗ್’ ಎಂಬ ರಜೆಯ ದಿನವಿರುತ್ತದೆ. ಶನಿವಾರವೇ ಬ್ರೆಡ್ಡು, ಚೀಸು, ಹಣ್ಣು ಚೀಲಕ್ಕೆ ಸೇರಲಿ.

9. ಕ್ರೆಮ್ಸ್‌ನಿಂದ ವಿಯೆನ್ನಾ: ಬಲದಂಡೆ

ಸುಮಾರು 80 ಕಿ.ಮೀ., ಬಯಲು, ನೆರಳು ಕಡಿಮೆ. ನೀರಿನ ಬಾಟಲಿ ಎರಡಿರಲಿ. ಕ್ರೆಮ್ಸ್‌ನಲ್ಲಿ ಸೇತುವೆ ದಾಟಿ ಮೌಟೆರ್ನ್, ಟ್ರೈಸ್‌ಮೌವರ್ ಮೂಲಕ ಬಲದಂಡೆಯಲ್ಲಿ ಹೋದರೆ ಸ್ವೆಂಟೆನ್‌ಡೋರ್ಫ್‌ನಲ್ಲಿ ಒಂದು ಅಣುವಿದ್ಯುತ್ ಸ್ಥಾವರ ಕಾಣುತ್ತದೆ. ಪೂರ್ತಿ ಕಟ್ಟಿ ಮುಗಿಸಿದ ಮೇಲೆ, 1978ರ ನವೆಂಬರ್ 5ರ ಜನಮತಗಣನೆಯಲ್ಲಿ ಶೇ. 50ಕ್ಕಿಂತ ತುಸು ಹೆಚ್ಚು ಮತದಾರರು ಬೇಡವೆಂದದ್ದರಿಂದ ಒಂದು ದಿನವೂ ಚಾಲೂ ಆಗದ ಸ್ಥಾವರವದು. ದಣಿದವರು ಟುಲ್ನ್‌ನಲ್ಲಿ ರೈಲು ಹತ್ತಿದರೆ ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ಮುಂದುವರಿಯುವವರು ಕ್ಲೋಸ್ಟರ್‌ನಾಯ್‌ಬುರ್ಗ್ ದಾಟಿ ನುಸ್‌ಡೋರ್ಫ್‌ನಲ್ಲಿ ಡ್ಯಾನ್ಯೂಬ್ ಕಾಲುವೆಯ ಪಕ್ಕದ ಹಾದಿ ಹಿಡಿದರೆ ನೇರವಾಗಿ ನಗರದ ನಡುವಿಗೆ ಬರುತ್ತೀರಿ.

10. ಹಿಂದಿರುಗುವುದು

ವೇಗದ ರೈಲುಗಳಲ್ಲಿ ಸೈಕಲ್‌ಗೆ ಮುಂಗಡ ಸ್ಥಳ ಕಾಯ್ದಿರಿಸಬೇಕು, ಮತ್ತು ಬೇಸಿಗೆಯಲ್ಲಿ ಅವು ವಾರಗಳ ಮೊದಲೇ ಮುಗಿದಿರುತ್ತವೆ. ಪ್ರಯಾಣದ ದಿನಾಂಕ ನಿಗದಿಯಾದೊಡನೆ ಮೊದಲು ಮಾಡಬೇಕಾದ ಕೆಲಸ ಇದೇ. ಸ್ಥಳ ಸಿಗದಿದ್ದರೆ ಪ್ರಾದೇಶಿಕ ರೈಲುಗಳಲ್ಲಿ ಬದಲಾಯಿಸುತ್ತ ಲಿಂಟ್ಸ್ ಮೂಲಕ ಪಾಸಾವ್‌ಗೆ ಹೋಗಬಹುದು, ಅರ್ಧ ದಿನಕ್ಕೂ ಹೆಚ್ಚು ಹಿಡಿಯುತ್ತದೆ. ವಿಯೆನ್ನಾದ ಮೆಟ್ರೊದಲ್ಲಿ ಕಚೇರಿಯ ಹೊತ್ತಿನಲ್ಲಿ ಸೈಕಲ್‌ಗೆ ಪ್ರವೇಶವಿಲ್ಲ, ಬಸ್ಸಿನಲ್ಲಿ ಯಾವಾಗಲೂ ಇಲ್ಲ. ಹೋಟೆಲಿನಿಂದ ನಿಲ್ದಾಣಕ್ಕೆ ಸೈಕಲಿನಲ್ಲೇ ಹೋಗುವಂತೆ ಸಮಯ ಇಟ್ಟುಕೊಳ್ಳಿ. ಬಾಡಿಗೆ ಸೈಕಲ್ ಹಿಂದಿರುಗಿಸುವ ಅಂಗಡಿ ಭಾನುವಾರ ತೆರೆದಿರುತ್ತದೆಯೇ ಎಂದು ಪಾಸಾವ್‌ನಲ್ಲಿಯೇ ಕೇಳಿ ಬರೆಸಿಕೊಳ್ಳಿ. ತುರ್ತುಸ್ಥಿತಿಗೆ ಎರಡೂ ದೇಶಗಳಲ್ಲಿ 112, ಆಸ್ಟ್ರಿಯದಲ್ಲಿ ಆಂಬುಲೆನ್ಸಿಗೆ ನೇರವಾಗಿ 144.